ಕಡಲ ಕೋಟೆಯ ಅಗಸಿ

ಗೋಡೆಯ ಕೆಂಪು ಕಲ್ಲಿನ ತೂತಿನೊಳಗೆ ಅವ್ವನ ಕಿರುಬೆರಳು ಮೊದಲ ಗೆಣ್ಣಿನವರೆಗೆ ಇಳಿಯಿತು. ಬೆರಳು ಹೊರತೆಗೆದು, ತುದಿಗೆ ಹತ್ತಿದ ಪುಡಿಯನ್ನು ನೋಡಿ, "ಗೆದ್ದಲ ಹತ್ತೇತೇನ ಇದಕ್ಕ?" ಎಂದಳು.

"ಈ ಕಡೆ ಕಲ್ಲು ಇರೋದ ಹಂಗ, ಅವ್ವಾ."

"ನಮ್ಮ ತೊರಗಲ್ ಕೋಟಿ ಕಲ್ಲಾಗ ಸೂಜಿ ಸೈತ ಹೋಗಂಗಿಲ್ಲ."

ಗೋವಾದ ಒಂದು ಕಡಲೂರಿನಲ್ಲಿ, ನದಿ ಸಮುದ್ರ ಸೇರುವಲ್ಲಿ ಪೋರ್ಚುಗೀಸರು ಕಟ್ಟಿಸಿದ ಕೋಟೆ ಅದು. ಅದರ ಗೋಡೆ, ಬುರುಜುಗಳನ್ನು ಅಳೆದು ನಕ್ಷೆ ಮಾಡುವ ಕೆಲಸ ನನಗೆ ಸಿಕ್ಕಿತ್ತು. ಧಾರವಾಡದಲ್ಲಿ ಓದುವಾಗಿನಿಂದ ನಾನು ಬಯಸಿದ್ದು ಅಂಥದೊಂದು ಕೆಲಸವನ್ನೇ. ಅವ್ವ ಇನ್ನೂ ಹೂಂ ಅಂದಿರಲಿಲ್ಲ. ಜಾಗ ನೋಡದೆ ಮಗಳನ್ನು ಬಿಡುವುದಿಲ್ಲವೆಂದು ಬೈಲಹೊಂಗಲದಿಂದ ಜೊತೆಗೇ ಬಂದಿದ್ದಳು. ಅವಳು ಬೇಡವೆಂದರೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮರಳಬೇಕಿತ್ತು.

ಅವ್ವನ ತವರು ತೊರಗಲ್. ಅಲ್ಲಿ ಕೋಟೆಯೆಂದರೆ ಊರು. ಗೋಡೆಯೊಳಗೆ ಮನೆಗಳು, ಎಮ್ಮೆಗಳು, ಒಣಹಾಕಿದ ಮೆಣಸಿನಕಾಯಿ. ಹಾಗಾಗಿ ನಾನೂ ಕೋಟೆಯೊಳಗೇ ಇರುತ್ತೇನೆಂದು ತಿಳಿದಿದ್ದಳು. ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೇನೆ ಎಂದು ಎಷ್ಟು ಹೇಳಿದರೂ ಬಾವಿ ಹುಡುಕುತ್ತ ನಡೆದಳು.

ಒಳಗೆ ಹುಲ್ಲು, ಬಿಸಿಲು, ಗೋಡೆಯಾಚೆಯ ನೀರಿನ ಸದ್ದು. ಹಿಂದೆ ತೋಪುಗಳಿದ್ದ ಕಿಂಡಿಗಳಲ್ಲಿ ಒಂದೊಂದರಲ್ಲೂ ಒಂದು ತುಂಡು ಸಮುದ್ರ. ನೋಡುತ್ತ ನಿಂತರೆ ಗೋಡೆಯೇ ಮೆಲ್ಲಗೆ ತೇಲಿ ಹೊರಟಂತೆ ಅನಿಸುತ್ತಿತ್ತು. ಆ ಕೋಟೆ ನೆಲಕ್ಕೆ ಬೆನ್ನು ಕೊಟ್ಟು ಕೂತಿತ್ತು. ನಮ್ಮ ಕಡೆಯ ಕೋಟೆಗಳಿಗೆ ಆ ಅಭ್ಯಾಸವಿಲ್ಲ.

ನಮ್ಮ ಮಾತು ಕೇಳಿ ಕಾವಲುಗಾರ ಎದ್ದು ಬಂದ. ರಾಮದುರ್ಗದವನಂತೆ.

"ಅಣ್ಣಾರ, ಇಲ್ಲಿ ಅಗಸ್ಯಾಗ ಯಾವ ದೇವ್ರು ಐತ್ರಿ?" ಅವ್ವ ಕೇಳಿದಳು.

ಅಗಸಿ ಎಂದರೆ ಹೆಬ್ಬಾಗಿಲು. ಹೆಣ್ಣುಮಗಳು ಹೊಸ ಊರಲ್ಲಿ ಇರಲು ಬಂದರೆ ಮೊದಲು ಅಗಸಿಯ ದೇವಿಗೆ ಉಡಿ ತುಂಬಬೇಕೆಂಬುದು ಅವ್ವನ ತವರಿನ ಪದ್ಧತಿ: ಕುಪ್ಪಸದ ಖಣದ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು. ಪೂಜಾರಿ ಅದರಲ್ಲೇ ಒಂದು ಹಿಡಿ ಅಕ್ಕಿಯನ್ನು ತಿರುಗಿ ಸೆರಗಿಗೆ ಹಾಕುತ್ತಾನೆ. ಅದು ದೇವಿಯ ಒಪ್ಪಿಗೆ.

"ಮೇರಿಯವ್ವ ಅದಾಳ್ರಿ ಅಕ್ಕಾರ. ಆದರ ಆಕಿ ಕುಬಸ ತೊಡಂಗಿಲ್ಲ. ಖಣ ತಗೊಂಡು ಏನ್ ಮಾಡ್ಯಾಳ್ರಿ?"

"ಏನರ ಹೊಲಿಸ್ಕೊಂತಾಳ ಬಿಡ್ರಿ. ನಿಮಗ್ಯಾಕ ಅದರ ಚಿಂತಿ?"

ಹೆಬ್ಬಾಗಿಲ ಪಕ್ಕದ ಪುಟ್ಟ ಪ್ರಾರ್ಥನಾಮಂದಿರ ಮುಚ್ಚಿತ್ತು. ಅವ್ವ ಊರಿನಿಂದ ತಂದಿದ್ದ ಉಡಿಯನ್ನು ಹೊಸ್ತಿಲ ಮೇಲೆ ಇಟ್ಟು, ಸೆರಗು ಹರವಿಕೊಂಡು ಮೆಟ್ಟಿಲ ಮೇಲೆ ಕೂತಳು. ಯಾರೂ ಬರಲಿಲ್ಲ. ಬಿಸಿಲು ಗೋಡೆಯಿಂದ ಇಳಿದು ಹುಲ್ಲಿಗೆ ಬಂತು, ಹುಲ್ಲಿನಿಂದ ನೀರಿಗೆ. ಕೆಂಪು ಕಲ್ಲು ನೇರಳೆಯಾಯಿತು.

"ತಿರುಗಿ ಕೊಡೋರ ಇಲ್ಲ ಇಲ್ಲಿ," ಎಂದಳು ಅವ್ವ. "ಅಂಥಲ್ಲಿ ನಿನ್ನ ಹ್ಯಾಂಗ ಬಿಡ್ಲಿ?"

ಅಷ್ಟರಲ್ಲಿ ಗಾಳಿ ಎದ್ದು ಖಣದ ಅಂಚು ಮಗುಚಿತು. ಒಂದಿಷ್ಟು ಅಕ್ಕಿ ಮೆಟ್ಟಿಲಿಗೆ ಚೆಲ್ಲಿತು.

ಮೇಣದಬತ್ತಿ ಹಚ್ಚಲು ಬೀಗದಕೈ ಹಿಡಿದು ಬಂದ ಹೆಂಗಸೊಬ್ಬಳು ಅದನ್ನು ಕಂಡು, ನೆರೆಮನೆಯವಳನ್ನು ಬೈಯುವಂತೆ ಕೊಂಕಣಿಯಲ್ಲಿ ಏನೋ ಅಂದಳು. ಮಂಡಿಯೂರಿ, ಚೆಲ್ಲಿದ ಅಕ್ಕಿಯನ್ನು ಎರಡೂ ಅಂಗೈಯಿಂದ ಬಳಿದು ಅವ್ವನ ಸೆರಗಿಗೆ ಸುರಿದಳು. ಆಮೇಲೆ ಉಳಿದ ಉಡಿಯನ್ನು ಎತ್ತಿಕೊಂಡು ಬಾಗಿಲು ತೆರೆದು ಒಳಗೆ ಹೋದಳು.

ಅವ್ವ ಆ ಅಕ್ಕಿಯನ್ನು ಸೆರಗಿನ ತುದಿಗೆ ಗಂಟು ಕಟ್ಟಿದಳು. "ನಡಿ, ಕೋಣಿ ತೋರಿಸು. ಅಡಗಿಗೆ ಜಾಗಾ ಹ್ಯಾಂಗೈತಿ ನೋಡ್ತೇನಿ."

ಆ ಹೆಂಗಸು ಕೊಟ್ಟದ್ದು ಒಪ್ಪಿಗೆಯೋ, ಚೆಲ್ಲಿದ್ದನ್ನು ಎತ್ತಿಕೊಟ್ಟದ್ದಷ್ಟೋ, ನನಗೆ ತಿಳಿಯದು. ಕೇಳಲು ಕೊಂಕಣಿ ಬರುತ್ತಿರಲಿಲ್ಲ. ಬಂದಿದ್ದರೂ ಕೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವನನ್ನು ಬೆಳಗಾವಿಯ ಬಸ್ಸಿಗೆ ಹತ್ತಿಸಿ ಒಬ್ಬಳೇ ಕೋಟೆಗೆ ಹೋದೆ. ಸಮುದ್ರದ ಕಡೆಯ ಬುರುಜಿನ ಬುಡಕ್ಕೆ ಟೇಪಿನ ತುದಿ ಹಿಡಿದು, ಮೊದಲ ಅಳತೆ ತೆಗೆದುಕೊಂಡೆ.