ಮೂರು ದೋಣಿಯುದ್ದ

ರೂಲ್ಸ್ ಮೇಷ್ಟ್ರ ಸಾಮ್ರಾಜ್ಯ ದೋಣಿಮನೆಯ ಮಹಡಿಯ ಮೇಲಿತ್ತು. ಹದಿನೇಳು ಮರದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ. ಅದರಲ್ಲಿ ಹನ್ನೆರಡು ಕುರ್ಚಿ, ಆ ಪೈಕಿ ಒಂಬತ್ತು ನಂಬಿ ಕೂರುವಂಥವು. ನಡುವೆ ಒಂದು ದೊಡ್ಡ ಮೇಜು, ಅದಕ್ಕೆ ಬಳಿದ ನೀಲಿ ಬಣ್ಣವೇ ನೀರು. ಕಿಟಕಿಯಾಚೆ ನಿಜವಾದ ಸರೋವರವೂ ಇತ್ತು. ಆದರೆ ಮೇಷ್ಟ್ರಿಗೆ ಅದರ ಮೇಲೆ ಅಂಥ ವಿಶ್ವಾಸವಿರಲಿಲ್ಲ. ಅಲ್ಲಿ ಗಾಳಿ ಹೇಳದೆ ಕೇಳದೆ ತಿರುಗುತ್ತದೆ, ದೋಣಿಗಳು ಇಟ್ಟಲ್ಲಿ ನಿಲ್ಲುವುದಿಲ್ಲ. ಮೇಜಿನ ಮೇಲಾದರೆ ಎಂಟು ಮರದ ದೋಣಿಗಳು, ಒಂದೇ ಹಲಗೆಯಿಂದ ತಾವೇ ಕೊಯ್ದು ಉಜ್ಜಿ ಬಣ್ಣ ಹಚ್ಚಿದವು, ಒಂದಕ್ಕಿಂತ ಒಂದು ಕೂದಲೆಳೆಯಷ್ಟೂ ಉದ್ದವಿಲ್ಲದವು, ಮೇಷ್ಟ್ರು ಇಟ್ಟಲ್ಲಿ ಇಟ್ಟಂತೆ ಇರುತ್ತಿದ್ದವು. ಅವರ ಮಾತನ್ನು ಇಷ್ಟು ಚೆನ್ನಾಗಿ ಕೇಳುವ ಪ್ರಜೆಗಳು ಜಗತ್ತಿನಲ್ಲಿ ಬೇರೆ ಇರಲಿಲ್ಲ. ನಿಜ ಹೇಳಬೇಕೆಂದರೆ, ಭಾನುವಾರದಿಂದ ಭಾನುವಾರದವರೆಗೆ ಅವರ ಮಾತನ್ನು ಕೇಳುವವರೇ ಇರಲಿಲ್ಲ.

ಪ್ರತಿ ವರ್ಷ ಪಂದ್ಯಗಳ ಕಾಲ ಶುರುವಾಗುವ ಮುಂಚೆ, ಹತ್ತು ಭಾನುವಾರ, ಹಾಯಿದೋಣಿಯ ಹೊಸಬರಿಗೆ ಅವರು ಪಂದ್ಯದ ನಿಯಮಗಳ ಪಾಠ ಹೇಳುತ್ತಿದ್ದರು. ಮೊದಲ ಭಾನುವಾರ ಜೀವ ಉಳಿಸಿಕೊಳ್ಳುವ ಪಾಠ. ಆ ದಿನ ಮೇಷ್ಟ್ರು ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ಟು ತೊಟ್ಟು, ಪಟ್ಟಿಗಳನ್ನೆಲ್ಲ ಬಿಗಿದು, ಕೊರಳಿಗೆ ಸೀಟಿ ತೂಗುಹಾಕಿಕೊಂಡು, ದಂಡಯಾತ್ರೆಗೆ ಹೊರಟ ಸೇನಾಧಿಪತಿಯ ಹಾಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು.

"ದೋಣಿ ಮಗುಚಿತು. ಏನ್ ಮಾಡ್ತೀರಿ?" ಎಂದು ಈ ವರ್ಷ ಮುಂದಿನ ಸಾಲಿನ ಹಲ್ಲಿನ ಡಾಕ್ಟರನ್ನು ಕೇಳಿದರು.

"ಈಜ್ತೀನಿ."

"ಎಲ್ಲಿಗೆ?"

"ದಡಕ್ಕೆ. ಅಲ್ಲೇ ಕಾಣ್ತಿರುತ್ತಲ್ಲ."

"ಸಂತೋಷ. ಹೋಗೋ ಮುಂಚೆ ನಿಮ್ಮ ಮನೆಯವ್ರ ಫೋನ್ ನಂಬರ್ ಇಲ್ಲಿ ಬರೆದಿಟ್ಟು ಹೋಗಿ, ಡಾಕ್ಟ್ರೇ. ಸುದ್ದಿ ಮುಟ್ಟಿಸೋಕೆ ಬೇಕಾಗುತ್ತೆ."

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. "ದಡ ಹತ್ರ ಕಾಣೋದು ಅದರ ಕೆಟ್ಟ ಬುದ್ಧಿ. ದೋಣಿ ಬಿಡಬೇಡಿ. ಮಗುಚಿದ್ರೂ ಅದು ತೇಲುತ್ತೆ. ತಣ್ಣೀರಲ್ಲಿ ಹತ್ತು ನಿಮಿಷ ಆದ್ಮೇಲೆ ನೀವು ತೇಲ್ತೀರಿ ಅನ್ನೋಕೆ ನನ್ ಹತ್ರ ಗ್ಯಾರಂಟಿ ಇಲ್ಲ. ಅಂಟಿಕೊಂಡಿರಿ, ಸೀಟಿ ಊದಿ, ಯಾರಾದ್ರೂ ಬರೋವರೆಗೂ ಕಾಯಿರಿ."

ಯಾರಾದರೂ ಬರುವವರೆಗೆ ಕಾಯುವ ವಿದ್ಯೆಯಲ್ಲಿ ಮೇಷ್ಟ್ರದು ಪಳಗಿದ ಕೈ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆಯ ದೀಪ ಹೊತ್ತಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತರಾಗಿ ನಿವೃತ್ತರಾದವರು. ಆದ್ದರಿಂದ ಒಂದು ಲೋಟ ಚಹಾ, ಒಂದು ನಡಿಗೆ, ಒಂದು ಪತ್ರಿಕೆ ಎಂದು ದಿನವನ್ನು ತುಂಡು ತುಂಡು ಮಾಡಿ ಹೊತ್ತು ಓಡಿಸುವುದು ತಿಳಿದಿತ್ತು. ಅಂಗಡಿ ಸಾಲಿನ ಕಿರಿದಾದ ಓಣಿಯಲ್ಲಿ ಎದುರಿಗೆ ತಳ್ಳುಗಾಡಿ ಬಂದರೆ, ಹಾಯಿದೋಣಿಗಳ ನಿಯಮದಂತೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ದಾರಿಯ ಹಕ್ಕು ತಮ್ಮದಾದರೂ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ತಳ್ಳುಗಾಡಿಯವರು ಥ್ಯಾಂಕ್ಸ್ ಎಂದರೆ ಆ ದಿನದ ಸಂಭಾಷಣೆ ಮುಗಿದ ಹಾಗೆ.

ಊರಿನಲ್ಲಿ ಅವರಿಗೆ ರಕ್ತ ಹಂಚಿಕೊಂಡ ಒಬ್ಬನೇ ಒಬ್ಬನಿದ್ದ, ತಮ್ಮ. ನಾಲ್ಕು ಬೀದಿಯಾಚೆ ಟಾರ್ಪಾಲು ಹೊಲಿಯುವ ಅಂಗಡಿ ಅವನದು. ಅವನು ಅಣ್ಣನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಅತ್ತಿಗೆ ತೀರಿಕೊಂಡ ದಿನ ಬಂದಿದ್ದ. ಜನರ ಹಿಂದೆ, ಗೇಟಿನ ಹತ್ತಿರ, ಕೈಕಟ್ಟಿ ನಿಂತಿದ್ದ. ಮೇಷ್ಟ್ರು ಅವನತ್ತ ನಡೆದು ಹೋಗುವಷ್ಟರಲ್ಲಿ ಗೇಟು ಮಾತ್ರ ಅಲ್ಲಾಡುತ್ತಿತ್ತು. ಅವನು ಒಂದು ಸಲ, ಒಂದೇ ಸಲ, "ಅಣ್ಣ" ಎಂದರೆ ಸಾಕಿತ್ತು ಮೇಷ್ಟ್ರಿಗೆ. ಅಷ್ಟಕ್ಕೆ ಸಾಮ್ರಾಜ್ಯವನ್ನು ಮೇಜಿನ ಸಮೇತ ಬರೆದುಕೊಡಲು ಅವರು ಸಿದ್ಧರಿದ್ದರು. ಆದರೆ ಕೇಳಲು ಹೋಗುವಂತಿರಲಿಲ್ಲ. ಏಕೆಂದರೆ ತಪ್ಪು ತಮ್ಮನದು, ತೀರ್ಪು ತಮ್ಮದು. ನ್ಯಾಯಾಧೀಶ ಅಪರಾಧಿಯ ಮನೆ ಬಾಗಿಲಿಗೆ ಹೋಗುವುದುಂಟೆ?

ಆ ಮಹಾ ಮೊಕದ್ದಮೆಯ ಕಥೆ ಹೀಗಿದೆ. ಹಾಯಿದೋಣಿಯ ಪಂದ್ಯದಲ್ಲಿ ನೀರಿನ ಮೇಲೆ ಅಲ್ಲಲ್ಲಿ ಕಟ್ಟಿದ ಪೀಪಾಯಿಗಳನ್ನು ಸುತ್ತಿ ಬರಬೇಕು. ಎಲ್ಲರಿಗೂ ಪೀಪಾಯಿಗೆ ಒರಸಿಕೊಂಡೇ ತಿರುಗುವ ಚಪಲ, ಆದ್ದರಿಂದ ಜಗಳವೆಲ್ಲ ಅಲ್ಲೇ. ಅದಕ್ಕೊಂದು ನಿಯಮವಿದೆ. ಮುಂದಿನ ದೋಣಿ ಪೀಪಾಯಿಗೆ ಮೂರು ದೋಣಿಯುದ್ದ ಹತ್ತಿರ ಬರುವುದರೊಳಗೆ, ಹಿಂದಿನ ದೋಣಿಯ ಮೂತಿ ಅದರ ಬಾಲವನ್ನು ದಾಟಿ ಒಳಮಗ್ಗುಲಿಗೆ ತೂರಿದ್ದರೆ, ಹೊರಗಿನವನು ಒಳಗಿನವನಿಗೆ ಜಾಗ ಬಿಡಬೇಕು. ತಡವಾಗಿ ತೂರಿದವನು ಬಾಯಿ ಮುಚ್ಚಿಕೊಂಡು ಹಿಂದೆ ಸರಿಯಬೇಕು. ಆ ವರ್ಷದ ಕೊನೆಯ ಪಂದ್ಯದಲ್ಲಿ ತಮ್ಮನ ನೀಲಿ ದೋಣಿ ಒಂದು ಬಿಳಿ ದೋಣಿಯ ಒಳಮಗ್ಗುಲಿಗೆ ತೂರಿ, ಜಾಗ ಕೇಳಿ, ಮೈಗೆ ಮೈ ತಾಗಿಸಿ, ಗೆದ್ದುಬಂದಿತ್ತು. ಬಿಳಿಯವನು ದೂರು ಕೊಟ್ಟ. ತೀರ್ಪು ಹೇಳಬೇಕಾದ ಮೂವರಲ್ಲಿ ಒಬ್ಬರಿಗೆ ಜ್ವರ. ಉಳಿದವರು ಮೇಷ್ಟ್ರ ಮುಖ ನೋಡಿದರು. "ಸ್ವಂತ ತಮ್ಮ, ನಾನು ಕೂರಬಾರದು" ಎಂದರು ಮೇಷ್ಟ್ರು. "ನಮ್ಮಣ್ಣ ತಾನೇ, ಕೂತ್ಕೊಳ್ಲಿ ಬಿಡಿ" ಎಂದು ನಗುತ್ತ ಹೇಳಿದವನು ತಮ್ಮನೇ.

ಮೇಷ್ಟ್ರು ಕೂತರು. ತಮ್ಮನ ಪರ ವಾಲಿದರು ಎಂದು ಯಾರೂ ಆಡಿಕೊಳ್ಳಬಾರದೆಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ತಡವಾಗಿ ತೂರಿದ್ದೀಯ ಎಂದು ಅವನನ್ನು ಪಂದ್ಯದಿಂದಲೇ ಹೊರಗೆ ಹಾಕಿದರು. ಅಂದಿನಿಂದ ನೀಲಿ ದೋಣಿ ನೀರಿಗೆ ಇಳಿಯಲಿಲ್ಲ. ಅಣ್ಣನ ಹೃದಯದಲ್ಲಿ ಮುಳ್ಳು ಚುಚ್ಚಿದ್ದು ನಿಜ, ಆದರೆ ಆ ಮುಳ್ಳಿನ ಸುತ್ತ ಸ್ವಲ್ಪ ಹೆಮ್ಮೆಯೂ ಬೆಳೆದಿತ್ತು. ಪ್ರತಿ ವರ್ಷ ಏಳನೇ ಭಾನುವಾರ ಅದೇ ಪ್ರಕರಣವನ್ನು ಮೇಜಿನ ಮೇಲೆ ಇಟ್ಟು, ಹೆಸರು ಹೇಳದೆ, "ಒಂದಾನೊಂದು ನೀಲಿ ದೋಣಿ" ಎಂದು ಶುರುಮಾಡಿ, ಅದರ ದುರಾಸೆಯನ್ನು ಅವರು ಬಣ್ಣಿಸುವ ವೈಖರಿಗೆ ಕುರ್ಚಿಗಳು ಕಿರುಗುಟ್ಟುವಷ್ಟು ನಗು ಬರುತ್ತಿತ್ತು.

ಈ ಏಳನೇ ಭಾನುವಾರವೂ ಬಂತು. ನೀಲಿ ದೋಣಿ ಎಂದಿನಂತೆ ಮೂತಿ ತೂರಿಸಿತು. ತರಗತಿ ಎಂದಿನಂತೆ ನಕ್ಕಿತು. ಹಿಂದಿನ ಸಾಲಿನಲ್ಲಿ ಒಬ್ಬ ಟೈಲರಮ್ಮ ಮಾತ್ರ ನಗದೆ ಕೈ ಎತ್ತಿದರು. ಅಳತೆ ವಿಷಯದಲ್ಲಿ ಯಾರ ಬಾಯಿಮಾತನ್ನೂ ನಂಬದ ಹೆಂಗಸು.

"ಮೂರು ದೋಣಿಯುದ್ದ ಅಂದ್ರಲ್ಲ ಸಾರ್, ಯಾರ ದೋಣಿ ಉದ್ದ?"

"ಒಳ್ಳೇ ಪ್ರಶ್ನೆ. ಪೀಪಾಯಿಗೆ ಯಾವುದು ಹತ್ರ ಇದೆಯೋ ಅದರದ್ದು. ಪುಸ್ತಕದಲ್ಲೇ ಇದೆ."

"ನಿಮ್ಮ ಮರದ್ದೆಲ್ಲ ಒಂದೇ ಅಳತೆ, ಇದರಲ್ಲಿ ಗೊತ್ತಾಗಲ್ಲ. ನಿಜವಾದ ದೋಣಿಗಳು ಎಷ್ಟುದ್ದ ಇದ್ವು?"

"ಬಿಳಿದು ನಾಲ್ಕು ಮೀಟರ್. ನೀಲಿದು ಆರು. ಸಣ್ಣ ಕ್ಲಬ್ಬು ನೋಡಿ, ಇದ್ದಬದ್ದ ದೋಣಿನೆಲ್ಲ ಒಟ್ಟಿಗೇ ಬಿಡ್ತಿದ್ವಿ."

"ನೀಲಿ ಮೂತಿ ತೂರಿಸಿದಾಗ ಬಿಳಿ ಎಷ್ಟು ದೂರ ಇತ್ತು?"

"ಹದಿನೈದು ಮೀಟರ್. ಅದನ್ನ ಇಬ್ರೂ ಒಪ್ಕೊಂಡಿದ್ರು."

ಟೈಲರಮ್ಮ ಬೆರಳು ಮಡಿಚಿದರು. "ಹತ್ರ ಇದ್ದಿದ್ದು ಬಿಳಿ. ನಾಲ್ಕು ಮೂರ್ಲೆ ಹನ್ನೆರಡು. ನೀಲಿ ಹದಿನೈದಕ್ಕೇ ಬಂದಿದೆ. ಅಂದ್ರೆ ಅದು ಸರಿಯಾಗೇ ಬಂದಿದೆಯಲ್ಲ ಸಾರ್? ಇದರಲ್ಲಿ ತಪ್ಪೇನು?"

ಮೇಷ್ಟ್ರು ಬಾಯಿ ತೆರೆದರು. ಬಾಯಿ ತೆರೆದೇ ಇತ್ತು. ಹನ್ನೊಂದು ವರ್ಷದ ಹಿಂದೆ, ಜನ ತುಂಬಿದ್ದ ಇದೇ ಕೋಣೆಯಲ್ಲಿ, ಆರು ಮೂರ್ಲೆ ಹದಿನೆಂಟು ಎಂದು ತಾವು ಕಾಗದದ ಮೇಲೆ ಬರೆದದ್ದು ಕಣ್ಣಿಗೆ ಕಟ್ಟಿತು. ಜಾಗ ಕೇಳಿದವನು ತಮ್ಮ, ಆದ್ದರಿಂದ ಅವನ ದೋಣಿಯ ಅಳತೆಯನ್ನೇ ಹಿಡಿದಿದ್ದರು. ಅವನ ಮೇಲೆ ಬಿಗಿಯಾಗಿರಬೇಕೆಂಬ ಆತುರದಲ್ಲಿ ಬಿಗಿಯಾದ ಅಳತೆಯೇ ಕೈಗೆ ಬಂದಿತ್ತು. ಆಮೇಲೆ ಒಂದೇ ಹಲಗೆಯಿಂದ ಕೊಯ್ದ ದೋಣಿಗಳ ಮೇಲೆ ವರ್ಷ ವರ್ಷ ಅದೇ ಪಾಠ! ಹನ್ನೆರಡಕ್ಕೂ ಹದಿನೆಂಟಕ್ಕೂ ನಡುವಿನ ಆರು ಮೀಟರ್ ನೀರು ಈ ಮೇಜಿನ ಮೇಲೆ ಇರಲೇ ಇಲ್ಲ.

"ಹತ್ತು ನಿಮಿಷ ಬಿಡುವು" ಎಂದರು. ಎಲ್ಲರೂ ಕೆಳಗೆ ಹೋಗಿ ಚಹಾ ಕುಡಿದು ಬಂದು ನೋಡಿದರೆ ಮೇಷ್ಟ್ರು ಅಲ್ಲಿರಲಿಲ್ಲ. ಇತಿಹಾಸದಲ್ಲಿ ಮೊದಲ ಬಾರಿಗೆ ಚಕ್ರವರ್ತಿ ರಾಜಧಾನಿ ಬಿಟ್ಟು ಓಡಿದ್ದ.

ಟಾರ್ಪಾಲಿನ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ತಮ್ಮ ದೊಡ್ಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ತಲೆ ನರೆತಿತ್ತು. ಅದು ಯಾವಾಗ ನರೆತದ್ದು ಎಂದು ಅಣ್ಣನಿಗೆ ಗೊತ್ತಿರಲಿಲ್ಲ.

"ತೀರ್ಪು ತಪ್ಪಾಗಿತ್ತು ಕಣೋ" ಎಂದರು ಮೇಷ್ಟ್ರು. ಬರುವ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಹೊಸ್ತಿಲಲ್ಲೇ ಉದುರಿಹೋಗಿತ್ತು. "ಬಿಳಿದರ ಅಳತೆ ಹಿಡೀಬೇಕಿತ್ತು, ನಿಂದು ಹಿಡಿದ್ಬಿಟ್ಟೆ. ನೀನು ಗೆದ್ದಿದ್ದೆ."

ಯಂತ್ರ ನಿಂತಿತು. "ಗೊತ್ತು."

"ಗೊತ್ತಾ?"

"ಮಾರನೇ ದಿನಾನೇ ಪುಸ್ತಕ ತೆಗೆದು ನೋಡ್ದೆ."

"ಮತ್ತೆ ಹೇಳೋಕೇನು ಧಾಡಿ? ಮರುವಿಚಾರಣೆ ಕೇಳ್ಬೋದಿತ್ತಲ್ಲ!"

"ಯಾರ ಹತ್ರ ಕೇಳ್ಲಿ? ನಿನ್ ಹತ್ರಾನಾ?"

ತಮ್ಮ ಸೂಜಿಯಿಂದ ದಾರ ಎಳೆದು ಕತ್ತರಿಸಿದ. "ತೀರ್ಪಿನ ಮನೆ ಹಾಳಾಯ್ತು. ಮನುಷ್ಯ ಅಂದ್ಮೇಲೆ ತಪ್ಪುತ್ತೆ. ಒಂದಷ್ಟು ತಿಂಗಳು ಸಿಟ್ಟು ಮಾಡ್ಕೊಂಡು ನಾನೇ ಬರ್ತಿದ್ದೆ. ಅಷ್ಟರಲ್ಲಿ ನೀನು ಅದನ್ನ ಪಾಠ ಮಾಡಿದೆ. ಊರಲ್ಲಿ ಇದ್ದಿದ್ದೇ ಒಂದು ನೀಲಿ ದೋಣಿ. ಹೆಸರು ಹೇಳಲಿಲ್ಲ ಅಂದ್ರೆ ಆಗೋಯ್ತಾ? ನಿನ್ನ ಪಾಠಕ್ಕೆ ಬಂದಿದ್ದ ಒಬ್ಬ ಲಾರಿಯವನು ಇಲ್ಲೇ ನಿಂತ್ಕೊಂಡು, ನಿಮ್ಮಣ್ಣನ ಪಾಠ ಭಾರಿ ತಮಾಷೆ ಅಂದ. ವರ್ಷಾ ವರ್ಷಾ ಮೇಜಿನ ಮೇಲೆ ಇಟ್ಟು ನನ್ನ ಮುಳುಗಿಸ್ತೀಯಲ್ಲ, ಸುಸ್ತಾಗಲ್ವಾ ನಿಂಗೆ?"

"ನಾನು... ಅದು ಉದಾಹರಣೆ..."

"ಹಂಗಾದ್ರೆ ಹೋಗಿ ಹೇಳು. ಯಾರ್ಯಾರಿಗೆ ಪಾಠ ಮಾಡಿದ್ಯೋ ಅವರಿಗೆಲ್ಲ ಹೇಳು, ತಪ್ಪಿದ್ದು ನಾನು ಅಂತ. ಆಮೇಲೆ ಬಾ." ಯಂತ್ರ ಮತ್ತೆ ಶುರುವಾಯಿತು.

ಹೀಗೆ ಮೇಷ್ಟ್ರ ಮಹಾ ದಂಡಯಾತ್ರೆ ಮೊದಲಾಯಿತು. ಈ ವರ್ಷದ್ದು ಬಿಟ್ಟು, ಹಿಂದಿನ ವರ್ಷಗಳ ಹಾಜರಿ ಪುಸ್ತಕಗಳನ್ನೆಲ್ಲ ತೆಗೆದರು. ನೂರಾ ಏಳು ಹೆಸರು. ಬೆಳಗಿನ ಚಹಾ ಮುಗಿಸಿ ಫೋನಿನ ಮುಂದೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ.

"ನಾನು ರೂಲ್ಸ್ ಮೇಷ್ಟ್ರು. ನೀಲಿ ದೋಣಿ ಕೇಸು ಹೇಳಿದ್ನಲ್ಲ, ಅದರಲ್ಲಿ ತಪ್ಪು ನೀಲಿದಲ್ಲ. ತೀರ್ಪು ಕೊಟ್ಟವನದು. ಆ ತೀರ್ಪು ಕೊಟ್ಟವನು ನಾನೇ."

"ಯಾವ ದೋಣಿ?"

"ನೀಲಿ ದೋಣಿ."

"ಇಲ್ಲಪ್ಪ, ನಮ್ಗೆ ದೋಣಿ ಗೀಣಿ ಏನೂ ಬೇಡ" ಎಂದು ಒಬ್ಬರು ಫೋನು ಇಟ್ಟರು. ಇನ್ನೊಬ್ಬರು ದೋಣಿ ಮಾರಿ ಐದು ವರ್ಷವಾಗಿತ್ತು. ಮತ್ತೊಬ್ಬರು, "ಅಯ್ಯೋ ಮೇಷ್ಟ್ರೇ, ಹೇಗಿದ್ದೀರಿ?" ಎಂದು ಅಕ್ಕರೆಯಿಂದ ಮಾತಾಡಿಸಿದರು, ಆದರೆ ಮೇಷ್ಟ್ರು ಕಥೆಯಲ್ಲಿ ಪೀಪಾಯಿಯ ಹತ್ತಿರ ಬರುವಷ್ಟರಲ್ಲಿ ಅವರ ಬಸ್ಸು ಬಂತು. ನಾಲ್ವರು ತೀರಿಹೋಗಿದ್ದರು. ಅವರ ಮನೆಯವರಿಗೂ ಮೇಷ್ಟ್ರು ವಿಷಯ ತಿಳಿಸಿದರು. ಒಬ್ಬ ವಿಧವೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಅವರಿದ್ದಿದ್ರೆ ಸಂತೋಷಪಡ್ತಿದ್ರು" ಎಂದರು. ಆ ಫೋನು ಇಟ್ಟ ಮೇಲೆ ಮೇಷ್ಟ್ರು ಬಹಳ ಹೊತ್ತು ಮುಂದಿನ ನಂಬರು ಒತ್ತಲಿಲ್ಲ. ಈ ವರ್ಷದ ತರಗತಿಯಲ್ಲಿ, ಮರದ ದೋಣಿಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಎದ್ದು ನಿಂತು ಹೇಳಿದರು. ಟೈಲರಮ್ಮ ಸುಮ್ಮನೆ ತಲೆಯಾಡಿಸಿದರು. ಹಲ್ಲಿನ ಡಾಕ್ಟರು ಗಡಿಯಾರ ನೋಡಿದರು.

ನೂರಾ ಏಳರಲ್ಲಿ ಆ ಪ್ರಕರಣ ಯಾರಿಗೂ ನೆನಪಿರಲಿಲ್ಲ. ಒಬ್ಬನಿಗೆ ಕೂಡ ಇಲ್ಲ! ಭಾಷಣದಿಂದ ಕೋಟೆ ಉರುಳಿಸುತ್ತೇನೆ ಎಂದುಕೊಂಡಿದ್ದ ಮಹಾನುಭಾವನಿಗೆ, ಹನ್ನೊಂದು ವರ್ಷ ತಾನು ಗಾಳಿಗೆ ಪಾಠ ಹೇಳಿದೆನೆಂದು ಆ ಮೂರು ವಾರದಲ್ಲಿ ಸಾವಧಾನವಾಗಿ ಮನವರಿಕೆಯಾಯಿತು. ಆ ನೀಲಿ ದೋಣಿ ಎರಡೇ ತಲೆಗಳಲ್ಲಿ ಓಡಾಡಿಕೊಂಡಿತ್ತು. ಒಂದು ತಲೆ ಈ ಮನೆಯಲ್ಲಿ, ಇನ್ನೊಂದು ನಾಲ್ಕು ಬೀದಿಯಾಚೆ.

ಕೊನೆಯ ಫೋನು ಮುಗಿದ ಮಧ್ಯಾಹ್ನ ಹಾಜರಿ ಪುಸ್ತಕಗಳನ್ನು ಬಗಲಿಗೆ ಸಿಕ್ಕಿಸಿಕೊಂಡು ಅಂಗಡಿಗೆ ಹೋದರು. ತಮ್ಮ ನೆಲದ ಮೇಲೆ ಮಂಡಿಯೂರಿ, ಲಾರಿಗೆ ಹೊದಿಸುವ ದೊಡ್ಡದೊಂದು ಟಾರ್ಪಾಲಿನ ಜೊತೆ ಗುದ್ದಾಡುತ್ತಿದ್ದ. ಒಂದು ಮೂಲೆ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಮಡಚದ ಟಾರ್ಪಾಲುಗಳು ಪಕ್ಕದಲ್ಲಿ ಇನ್ನೂ ಬಿದ್ದಿದ್ದವು.

"ಎಲ್ರಿಗೂ ಹೇಳ್ದೆ. ನೂರಾ ಏಳು ಜನ" ಎಂದರು ಮೇಷ್ಟ್ರು. "ಯಾರಿಗೂ ನೆನಪೇ ಇಲ್ಲ ಕಣೋ."

ತಮ್ಮ ತಲೆಯೆತ್ತಿದ. "ಯಾರಿಗೂ?"

"ಒಬ್ಬರಿಗೂ ಇಲ್ಲ."

"ಆ ಲಾರಿಯವನಿಗೆ?"

"ಅವನು ದೋಣಿ ಹಸಿರು ಅಂದ. ವಾದಾನೂ ಮಾಡ್ದ."

ತಮ್ಮನ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಕೆಮ್ಮೋ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ತಮ್ಮ ಟಾರ್ಪಾಲಿನ ಎರಡು ಮೂಲೆಗಳನ್ನು ಅಣ್ಣನ ಕಾಲ ಬಳಿ ಎಸೆದು ಎದ್ದು ನಿಂತ.

"ಹಿಡ್ಕೊ. ಬಿಗಿಯಾಗಿ ಎಳಿ. ಬಲಕ್ಕೆ ಮಡಚು."

"ನಿನ್ನ ಬಲವಾ, ನನ್ನ ಬಲವಾ?"

"ನಂದು! ಇಷ್ಟೂ ಗೊತ್ತಾಗಲ್ವಾ ಮಾರಾಯಾ?"

ಹಾಜರಿ ಪುಸ್ತಕಗಳು ನೆಲಕ್ಕೆ ಬಿದ್ದವು. ಮೇಷ್ಟ್ರು ಎಳೆದರು, ತಮ್ಮ ಬಯ್ದ, ಮೇಷ್ಟ್ರು ಮತ್ತೆ ಎಳೆದರು. ಒಂದೊಂದು ಮಡಿಕೆಗೂ ಇಬ್ಬರೂ ಎದುರುಬದುರು ನಡೆದು ಹತ್ತಿರ ಬಂದು, ಅಂಚು ಕೈಗಿತ್ತು, ಮತ್ತೆ ದೂರ ಸರಿಯಬೇಕಿತ್ತು. ಆರನೆಯ ಮಡಿಕೆಗೆ ಟಾರ್ಪಾಲು ದಿಂಬಿನಷ್ಟಾಯಿತು. ತಮ್ಮ ಅದನ್ನು ಎತ್ತಿ ಗೋಡೆಯ ಹಲಗೆಯ ಮೇಲಿಟ್ಟ. "ಅಣ್ಣ" ಎನ್ನಲಿಲ್ಲ. ಕೂತ್ಕೊ ಎನ್ನಲೂ ಇಲ್ಲ. ಮೇಷ್ಟ್ರು ಬಗ್ಗಿ ಪುಸ್ತಕಗಳನ್ನು ಎತ್ತಿಕೊಂಡು ಬಾಗಿಲ ಕಡೆ ತಿರುಗಿದರು.

"ಎಲ್ಲಿಗೆ?" ಎಂದ ತಮ್ಮ, ಇತ್ತ ನೋಡದೆ. "ಇನ್ನೂ ಮೂರಿವೆ."