ಹೊಟ್ಟೆ ಕೊಯ್ಯಿಸದೆ ಕಾಪಾಡಿದ ಬನದಮ್ಮ

ಕಳೆದ ಕಾಫಿ ಕುಯ್ಲಿನ ಹೊತ್ತಿಗೆ ನನಗೆ ಮಲದಲ್ಲಿ ರಕ್ತ ಹೋಗಲು ಶುರುವಾಯಿತು. ನಮ್ಮ ಬನದ ದೇವತೆ ಬನದಮ್ಮನ ಒಕ್ಕಲಿನವರೆಲ್ಲ ಓದುವ ಕಡೆ ಹೀಗೆ ಬರೆಯಲು ನಾಚಿಕೆಯೇ. ಆದರೆ ನಾಚಿಕೊಂಡು ಬಾಯಿ ಮುಚ್ಚಿಕೊಂಡವರಿಗೆ ರೋಗವೇನೂ ಮರ್ಯಾದೆ ಕೊಡುವುದಿಲ್ಲ. ಮೂಲವ್ಯಾಧಿ ಅಂದುಕೊಂಡು ಹಾನುಬಾಳಿನಲ್ಲಿ ಸಿಕ್ಕ ಔಷಧಿಯನ್ನೆಲ್ಲ ನುಂಗಿದೆ. ನಾನು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಅನ್ನದ ಪಾತ್ರೆ ಇಳಿಸುವಾಗ ಕಣ್ಣು ಕತ್ತಲೆ ಬರುವಂತಾದ ಮೇಲೆ ನಮ್ಮ ಯಜಮಾನರು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಹಿಂಬದಿಯಿಂದ ಕ್ಯಾಮೆರಾ ಇರುವ ಟ್ಯೂಬ್ ಬಿಟ್ಟು ನೋಡಿದರು. ದೊಡ್ಡ ಕರುಳಿನ ಒಳಗೋಡೆಗೆ ಕಾವಲಿಗೆ ದೋಸೆ ಅಂಟಿದ ಹಾಗೆ ಅಗಲವಾದ ಗಡ್ಡೆ ಅಂಟಿಕೊಂಡಿದೆಯಂತೆ. ಚೂರು ತೆಗೆದು ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಕಾಣಲಿಲ್ಲ. ಬಿಟ್ಟರೆ ಆಗಬಹುದು, ಹೊಟ್ಟೆ ಕೊಯ್ದು ಅಷ್ಟು ಕರುಳನ್ನೇ ತೆಗೆಯಬೇಕು, ಕೆಲವರಿಗೆ ಸ್ವಲ್ಪ ಕಾಲ ಮಲಕ್ಕೆಂದು ಹೊಟ್ಟೆಯ ಮೇಲೆ ಚೀಲ ಹಾಕಬೇಕಾಗುತ್ತದೆ ಎಂದರು ಸರ್ಜನ್. ಚೀಲ ಎಂದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಚೀಲ ಕಟ್ಟಿಕೊಂಡವಳ ಕೈಯಡುಗೆಯನ್ನು ತಮ್ಮ ಮಕ್ಕಳು ಉಣ್ಣಲು ಯಾರು ಬಿಡುತ್ತಾರೆ? ಸಾವಿಗಿಂತ ಅದೇ ಹೆಚ್ಚು ಭಯವಾಯಿತು.

ಬನದಮ್ಮನ ಮುಂದೆ ದೊಡ್ಡ ಹರಕೆಯನ್ನೇನೂ ಹೊರಲಿಲ್ಲ. ಅದಕ್ಕೂ ತ್ರಾಣವಿರಲಿಲ್ಲ. "ತಾಯೀ, ಸಾಕಾಗೈತೆ. ಹೊಟ್ಟೆ ಮಾತ್ರ ಕೊಯ್ಯುಸ್ಬ್ಯಾಡ" ಎಂದಷ್ಟೇ ಹೇಳಿ ಬಂದೆ.

ಆಪರೇಷನ್‌ಗೆ ಮೊದಲು ಇನ್ನೊಮ್ಮೆ ಟ್ಯೂಬ್ ಬಿಟ್ಟು, ಗಡ್ಡೆಯ ಪಕ್ಕ ಕಪ್ಪು ಶಾಯಿ ಚುಚ್ಚಿ ಗುರುತು ಮಾಡಬೇಕಿತ್ತು. ಕೊಯ್ದಾಗ ಜಾಗ ಸಿಗಬೇಕಲ್ಲ. ಹಿಂದಿನ ದಿನ ಗಂಜಿತಿಳಿ, ಎಳನೀರು, ಆಮೇಲೆ ಕರುಳು ತೊಳೆಯುವ ಔಷಧಿ, ಬೇರೇನೂ ಕೂಡದು ಎಂದಿದ್ದರು. ಆ ದಿನ ಮಂಗಳವಾರ. ನಮ್ಮತ್ತೆ ನನ್ನ ಹೆಸರಿನಲ್ಲಿ ಬನದಮ್ಮನಿಗೆ ತಂಬಿಟ್ಟಿನ ಆರತಿ ಮಾಡಿಸಿ, ಎಳ್ಳು ಬೆರೆಸಿದ ತಂಬಿಟ್ಟಿನ ಉಂಡೆ ತಂದರು.

"ನಾನು ಏನೂ ತಿನ್ನಂಗಿಲ್ಲ ಅತ್ತೆ."

"ತಿನ್ನೋದು ಬ್ಯಾರೆ, ಪ್ರಸಾದ ಬ್ಯಾರೆ ಕಣವ್ವ. ಪ್ರಸಾದದಿಂದ ಉಪಾಸ ಕೆಟ್ಟಾತಾ? ಬಾಯಿ ತೆಗಿ."

ನಮ್ಮಲ್ಲಿ ಒಪ್ಪತ್ತು ಇರುವವರೂ ಪ್ರಸಾದ ಬೇಡ ಎನ್ನುವುದಿಲ್ಲ, ಅದು ಲೆಕ್ಕಕ್ಕೇ ಇಲ್ಲ. ಒಂದು ತಿಂದೆ. ಹಸಿವಿಗೆ ಇನ್ನೊಂದೂ ಹೋಯಿತು.

ಔಷಧಿ ಕುಡಿದು ಹಾಸನ ಮುಟ್ಟಿದ ಪಾಡು ಆ ಅಮ್ಮನಿಗೇ ಗೊತ್ತು. ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಶೌಚಾಲಯ ಬಿಟ್ಟು ಬರಲಾಗದೆ ಎದುರಿಗಿದ್ದ ಬಸ್ಸುಗಳನ್ನೆಲ್ಲ ಬಿಟ್ಟೆವು. ಅಷ್ಟೆಲ್ಲ ಆದ ಮೇಲೆ ಡಾಕ್ಟರು ಟ್ಯೂಬ್ ಬಿಟ್ಟು, "ಏನಮ್ಮಾ ಇದು, ಒಳಗೆಲ್ಲ ಎಳ್ಳು! ಎಲ್ಲಿ ಅಂತ ಗುರುತು ಹಾಕ್ಲಿ?" ಎಂದರು.

"ಪ್ರಸಾದ ಸಾರ್" ಎಂದೆ. ಅವರು ಟ್ಯೂಬ್ ಎಳೆದುಕೊಂಡು, ಮುಂದಿನ ವಾರ ಬರಲು ಹೇಳಿದರು.

ಮನೆಗೆ ಬಂದ ಯಜಮಾನರು ತಾಯಿಗೆ, "ಅವ್ವ, ನೀನು ಸುಮ್ಕಿದ್ದಿದ್ರೆ ಮುಗ್ದು ಹೋಗ್ತಿತ್ತು ಕಣೇ" ಎಂದು ರೇಗಿದರು. ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ, ಬನದಮ್ಮನ ಮೇಲೆ ಬಂತು. ಕೇಳಿಕೊಂಡವಳನ್ನೇ ಹೀಗೆ ಅಲೆಸುವುದೇ? ಆ ವಾರ ನಾನು ದೀಪ ಹಚ್ಚಲಿಲ್ಲ.

ಮತ್ತೆ ಹೋದಾಗ ಆ ಡಾಕ್ಟರು ರಜೆಯಲ್ಲಿದ್ದರು. ಮಂಗಳೂರಿನಿಂದ ಬಂದ ಬೇರೊಬ್ಬರು ಗಡ್ಡೆಯನ್ನು ಬಹಳ ಹೊತ್ತು ನೋಡಿದರು, ಶಾಯಿ ಹಾಕಲಿಲ್ಲ. ಸರ್ಜನ್ ಜೊತೆ ಮಾತಾಡಿಕೊಂಡು ವಾರ್ಡಿಗೆ ಬಂದು ಹೇಳಿದರು: "ಇದನ್ನ ಒಳಗಿಂದಲೇ ತೆಗೆಯೋಕೆ ನೋಡ್ಬಹುದು. ಗಡ್ಡೆ ಅಡಿಗೆ ನೀಲಿ ದ್ರವ ಚುಚ್ತೀವಿ. ಗೋಡೆ ಬಿಟ್ಟು ಉಬ್ಬಿ ಮೇಲೆದ್ರೆ, ಟ್ಯೂಬ್ ಒಳಗಿನ ಸಣ್ಣ ಚಾಕುವಿನಿಂದ ಸುತ್ತ ಬಿಡಿಸಿ ತೆಗೀತೀವಿ. ಏಳದೇ ಇದ್ರೆ ಮಾತ್ರ ಹೊಟ್ಟೆ ಕೊಯ್ಯೋದು." ಆಮೇಲೆ ಕೇಳಿದರು: "ಹೋದ ವಾರವೇ ಶಾಯಿ ಚುಚ್ಚಬೇಕಿತ್ತಲ್ಲ, ಯಾಕೆ ಚುಚ್ಚಿಲ್ಲ? ಚುಚ್ಚದೇ ಇದ್ದಿದ್ದು ಒಳ್ಳೇದೇ ಆಯ್ತು. ಆ ಶಾಯಿ ಗಡ್ಡೆ ಅಡಿಗೆ ಹರಡಿದ್ರೆ ಆ ಜಾಗ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಆಮೇಲೆ ಗಡ್ಡೆ ಮೇಲೇಳೋದು ಕಷ್ಟ."

ನಮ್ಮ ಯಜಮಾನರು ತಲೆ ಕೆರೆದುಕೊಂಡರು. "ನಮ್ಮವ್ವ ತಂಬಿಟ್ಟು ತಿನ್ನುಸ್ಬುಟ್ಟಿದ್ರು ಸಾರ್."

ನನಗೆ ಅಳು ಬಂತು. ಇಡೀ ವಾರ ಯಾರ ಮೇಲೆ ಮುನಿಸಿಕೊಂಡಿದ್ದೆನೋ, ಅವಳು ಸುಮ್ಮನೆ ಕೂತಿರಲಿಲ್ಲ.

ಮರುದಿನ ಅರಿವಳಿಕೆಯ ಮತ್ತು ಇಳಿದು ಎಚ್ಚರವಾದಾಗ ಮೊದಲು ಹೊಟ್ಟೆ ಸವರಿಕೊಂಡೆ. ಗಾಯವಿಲ್ಲ, ಚೀಲವಿಲ್ಲ. ಗಡ್ಡೆ ಮೇಲೆದ್ದು ಒಂದೇ ತುಂಡಾಗಿ ಬಂದಿತ್ತಂತೆ. ಒಳಗಿನ ಗಾಯಕ್ಕೆ ಪುಟ್ಟ ಕ್ಲಿಪ್ ಹಾಕಿದ್ದರು, ಅವು ತಾವಾಗಿ ಬಿದ್ದುಹೋಗುತ್ತವೆ. ಅಂಚಿನಲ್ಲೂ ಏನೂ ಉಳಿದಿಲ್ಲವೆಂದು ಪರೀಕ್ಷೆಯಲ್ಲಿ ಬಂತು. ಕೆಲವು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು. ಈಗ ಎಂದಿನಂತೆ ಶಾಲೆಯಲ್ಲಿ ಬಡಿಸುತ್ತಿದ್ದೇನೆ. ಕಾಕತಾಳೀಯ ಎನ್ನುವವರು ಎನ್ನಲಿ. ನೀವು ಮಾತ್ರ ಡಾಕ್ಟರು ಹೇಳಿದ ಪಥ್ಯ ಮೀರಬೇಡಿ. ಎಲ್ಲ ಸಲವೂ ಅಮ್ಮನನ್ನು ಹೀಗೆ ದುಡಿಸುವುದು ಸರಿಯಲ್ಲ.

ವರದಿ ಬಂದ ದಿನ ಬನಕ್ಕೆ ಹೋದೆವು. ಏನೇನೋ ಹೇಳಿಕೊಳ್ಳಬೇಕು ಎಂದಿದ್ದೆ. ಕೈ ಮುಗಿದು ಗುಡಿಯ ಕಂಬಕ್ಕೆ ಒರಗಿ ಕೂತವಳಿಗೆ ನಿದ್ದೆ ಬಂದೇಬಿಟ್ಟಿತು. ಅತ್ತೆ ಎಬ್ಬಿಸಲು ಬಂದರೆ ಪೂಜಾರಪ್ಪನೇ ತಡೆದರಂತೆ.

"ಮನಿಕ್ಕಳ್ಲಿ ಬುಡವ್ವ. ಯೋಳೋದೇನೈತೆ, ಅಮ್ಮಂಗೆ ಗೊತ್ತಾಗೈತೆ."