ಗೋಡೆಯ ಮೇಲೆಲ್ಲ ಅವರದೇ ಅಕ್ಷರ

ಅವರ ಬಲಗೈಯ ಮೂರು ಬೆರಳು ಸದಾ ನೀಲಿ. ಮಾರ್ಕರ್ ಪೆನ್ನಿನ ಮಸಿ. ಅದನ್ನು ಉಜ್ಜಿ ತೊಳೆಯುವ ಗೋಜಿಗೆ ಅವರು ಹೋದವರೇ ಅಲ್ಲ. ಆ ಬೆರಳಲ್ಲೇ ಚಕ್ಕುಲಿ ಮುರಿದು ಕೊಡುತ್ತಿದ್ದರು. ನಾವು ಮುಖ ಸಿಂಡರಿಸಿಕೊಂಡು ತಿನ್ನುತ್ತಿದ್ದೆವು.

ರಾಜಾಜಿನಗರದ ನಮ್ಮ ಸಾಫ್ಟ್‌ವೇರ್ ಕಚೇರಿಗೆ ಮೇಡಂ ಅಜೈಲ್ ಕೋಚ್. ಅಂದರೆ ಒಂಬತ್ತು ಜನರ ತಂಡ ಎರಡೆರಡು ವಾರದ ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು, ಎಡವಿದ್ದೆಲ್ಲಿ ಎಂದು ಹೇಗೆ ಕಂಡುಕೊಳ್ಳಬೇಕು ಎಂದು ಕಲಿಸುವವರು. ಐವತ್ತು ದಾಟಿತ್ತು. ಅತ್ತಿಗುಪ್ಪೆಯಿಂದ ಎರಡು ಮೆಟ್ರೊ ಹಿಡಿದು ಎಲ್ಲರಿಗಿಂತ ಮೊದಲು ಬಂದಿರುತ್ತಿದ್ದರು. ಬೆಳಗಿನ ಹದಿನೈದು ನಿಮಿಷದ ಸಭೆಯಲ್ಲಿ ಎಲ್ಲರೂ ನಿಂತೇ ಮಾತಾಡಬೇಕು. ಒಮ್ಮೆ ಡೈರೆಕ್ಟರ್ ಕೂರಲು ಹೋದಾಗ, "ಕೂತ್ರೆ ಭಾಷಣ ಶುರುವಾಗತ್ತೆ ಸಾರ್" ಎಂದು ಕುರ್ಚಿಯನ್ನೇ ಪಕ್ಕಕ್ಕೆ ಎಳೆದರು. ಆ ಮನುಷ್ಯ ಅದನ್ನು ಮರೆಯಲಿಲ್ಲ ಎಂದೇ ನನ್ನ ನಂಬಿಕೆ.

ಎರಡು ವಾರಕ್ಕೊಮ್ಮೆ, ಕೆಲಸ ಕೆಟ್ಟಿದ್ದೆಲ್ಲಿ ಎಂದು ನಾವು ಹೆಸರು ಹಾಕದೆ ಚೀಟಿ ಬರೆದು ಅವರ ಊಟದ ಡಬ್ಬಿಗೆ ಹಾಕುತ್ತಿದ್ದೆವು. ಅವರು ಪ್ರತಿಯೊಂದನ್ನೂ ಹೊಸ ಚೀಟಿಗೆ ತಮ್ಮ ಕೈಯಾರೆ ನಕಲು ಮಾಡಿ ಗೋಡೆಗೆ ಅಂಟಿಸಿ, ನಮ್ಮದನ್ನು ಚೂರುಚೂರು ಹರಿದು ಬ್ಯಾಗಿಗೆ ತುಂಬಿಕೊಳ್ಳುತ್ತಿದ್ದರು.

"ಒಂದೇ ಕೆಲ್ಸ ಎರಡೆರಡು ಸಲ ಮಾಡ್ಬೇಡಿ ಅಂತ ನೀವೇ ಹೇಳ್ತೀರಲ್ಲ ಮೇಡಂ?" ಎಂದು ನಾನು ಕಾಲೆಳೆದಿದ್ದೆ.

"ಗೋಡೆಗೆ ಕಿವಿ ಇದ್ರೆ ಇರ್ಲಿ ಕಣಮ್ಮ. ಬಾಯಿ ಇರಬಾರ್ದು."

ಆಗ ನಾನು ಹೊಸಬಳು, ಕೆಲಸ ಕಾಯಂ ಆಗಲು ಇನ್ನೊಂದು ತಿಂಗಳಿತ್ತು. ರೋಗಿಗೆ ಎಷ್ಟು ಔಷಧ ಕೊಡಬೇಕೆಂದು ತೋರಿಸುವ ತಂತ್ರಾಂಶವನ್ನು ಒಂದು ಆಸ್ಪತ್ರೆಗಾಗಿ ಮಾಡುತ್ತಿದ್ದೆವು. ಟೆಸ್ಟಿಂಗ್ ಅರ್ಧವೂ ಆಗಿರಲಿಲ್ಲ. ಪೂರ್ತಿ ಆಗಿದೆ ಎಂದು ಡೈರೆಕ್ಟರ್ ಆಸ್ಪತ್ರೆಯವರಿಗೆ ಹೇಳಿಯಾಗಿತ್ತು. ನಾನು ಚೀಟಿಯಲ್ಲಿ ಬರೆದೆ: "ಟೆಸ್ಟಿಂಗ್ ಆಗಿಲ್ಲ. ಸುಳ್ಳು ಹೇಳ್ತಿದೀವಿ."

ಗೋಡೆಯ ಮೇಲೆ ಅದನ್ನು ಓದಿದ ಡೈರೆಕ್ಟರ್ ಕೆಂಡವಾದರು. "ಯಾರು ಬರ್ದಿದ್ದು? ಹೆಸ್ರು ಹೇಳಿ."

ನಾವು ಒಂಬತ್ತು ಜನವೂ ನೆಲ ನೋಡಿದೆವು. ಮೇಡಂ ನೀಲಿ ಬೆರಳು ಎತ್ತಿದರು. "ಅಕ್ಷರ ನೋಡಿ ಸಾರ್, ನಂದೇ."

"ಆಟ ಆಡ್ಬೇಡಿ. ಯಾರು ಅಂತ ನಿಮ್ಗೆ ಗೊತ್ತು."

"ಗೊತ್ತಿದ್ರೂ ಹೇಳಲ್ಲ. ಟೆಸ್ಟಿಂಗ್ ಆಗಿದ್ಯಾ ಇಲ್ವಾ, ಅದನ್ನ ಕೇಳಿ."

ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆ ಜಗಳದಿಂದ ಟೆಸ್ಟಿಂಗಿಗೆ ಮೂರು ವಾರ ಸಿಕ್ಕಿತು, ಔಷಧದ ತಪ್ಪು ಪ್ರಮಾಣ ತೋರಿಸುತ್ತಿದ್ದ ಎರಡು ದೋಷಗಳು ಸಿಕ್ಕಿಬಿದ್ದವು. ಅಷ್ಟರಲ್ಲಿ ಮೇಡಂ ಕೆಲಸದಲ್ಲಿ ಉಳಿದಿರಲಿಲ್ಲ. ಕಂಪನಿಗೆ ಕೋಚ್ ಬೇಕಿಲ್ಲ ಎಂದು ಒಂದೇ ಸಾಲಿನ ಮೇಲ್ ಬಂದಿತ್ತು. ಅದೇ ತಿಂಗಳು ನನ್ನ ಕೆಲಸ ಕಾಯಂ ಆಯಿತು. ನಾಚಿಕೆಗೆಟ್ಟು ಕಚೇರಿಯಲ್ಲಿ ಸಿಹಿಯನ್ನೂ ಹಂಚಿದೆ!

ಆಮೇಲೆ ಒಂದು ಭಾನುವಾರ ಅತ್ತಿಗುಪ್ಪೆಯ ಅವರ ಮನೆಗೆ ಹೋದೆ. "ಮೇಡಂ, ಆ ಚೀಟಿ..." ಅನ್ನುವಷ್ಟರಲ್ಲಿ ಅವರು ಕಾಫಿ ಲೋಟ ಮುಂದಿಟ್ಟರು.

"ನಂಗ್ಯಾಕಮ್ಮ ಹೇಳ್ತೀಯ? ಯಾರು ಅಂತ ಕೇಳ್ದೋರು ಆಫೀಸಲ್ಲಿದಾರೆ." ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕಳೆದ ವಾರ ಮೇಡಂ ತೀರಿಕೊಂಡರು. ಮರುದಿನವೇ ನಮ್ಮ ಡೈರೆಕ್ಟರ್ ಕಂಪನಿಯ ಪುಟದಲ್ಲಿ ಅವರ ಫೋಟೊ ಹಾಕಿ, ಸತ್ಯ ಹೇಳುವ ಧೈರ್ಯವನ್ನು ನಮ್ಮ ಸಂಸ್ಥೆಗೆ ಕಲಿಸಿದವರು ಎಂದು ಬರೆದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಕೆಳಗೆ ನಮ್ಮವರದೇ ಸಾಲುಸಾಲು ಕೈಮುಗಿಯುವ ಚಿತ್ರಗಳು. ಅಂದು ನೆಲ ನೋಡಿದವರೇ ಎಲ್ಲ. ಮೈ ಉರಿದುಹೋಯಿತು. ಆದರೆ ಇಷ್ಟು ವರ್ಷ ಅದೇ ಮನುಷ್ಯನಿಗೆ ದಿನಾ ಗುಡ್ ಮಾರ್ನಿಂಗ್ ಹೇಳಿದವಳು ನಾನಲ್ಲವೇ?

ನಾನೂ ಕೆಳಗೆ ಬರೆದೆ, ನನ್ನ ಹೆಸರಿನಲ್ಲಿಯೇ: "ಸಾರ್, ಟೆಸ್ಟಿಂಗ್ ಆಗಿಲ್ಲ ಅನ್ನೋ ಚೀಟಿ ಯಾರು ಬರ್ದಿದ್ದು ಅಂತ ಅವತ್ತು ಕೇಳಿದ್ರಲ್ಲ? ನಾನು."